ಗುಹೆಯ ಸ್ಟ್ಯಾಲಗ್ಮೈಟಿನಿಂದ ಹಿಂದಿನ ಮಳೆಗಾಲಗಳನ್ನು ಓದುವ ಕ್ರಮ

ಇಡೀ ಭಾರತದ ಮುಂಗಾರು ಮಳೆಯನ್ನು ಒಂದೇ ಸರಣಿಯಾಗಿ ಲೆಕ್ಕ ಹಾಕಿರುವ ದಾಖಲೆ 1871ರಿಂದ ಈಚಿನದು. ಅದಕ್ಕೂ ಹಿಂದಿನ ಸಾವಿರಾರು ವರ್ಷಗಳ ಮಳೆಯ ಏರಿಳಿತವನ್ನು ತಿಳಿಯಬೇಕಾದರೆ ಪ್ರಕೃತಿಯೇ ಉಳಿಸಿಕೊಂಡಿರುವ ಗುರುತುಗಳನ್ನು ಹುಡುಕಬೇಕು. ಸುಣ್ಣದಕಲ್ಲಿನ ಗುಹೆಗಳಲ್ಲಿ ಹನಿ ಬಿದ್ದ ಜಾಗದಿಂದ ಮೇಲಕ್ಕೆ ಬೆಳೆಯುವ ಸ್ಟ್ಯಾಲಗ್ಮೈಟುಗಳು ಅಂಥ ಗುರುತುಗಳಲ್ಲಿ ಬಹಳ ನಂಬಿಕೆಗೆ ಅರ್ಹವಾದವು. ಭೂವಿಜ್ಞಾನ ಅಥವಾ ಹವಾಮಾನ ವಿಜ್ಞಾನ ಓದುತ್ತಿರುವ, ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳಿಗಾಗಿ ಅದರ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಐಸೊಟೋಪುಗಳನ್ನು, ಎಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆಯುವುದು ಇಂದು ಸುಲಭವಾಗಿದೆ. ಹನಿಯ ನಡತೆಯನ್ನು ಅರಿಯುವುದು ಮತ್ತು ಪದರಗಳ ವಯಸ್ಸನ್ನು ಗಟ್ಟಿಯಾಗಿ ಕಟ್ಟುವುದು ಈಗಲೂ ಕಷ್ಟ. ಆದ್ದರಿಂದ ಈ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ರಾಸಾಯನಿಕ ಕ್ರಿಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಆ ಮಣ್ಣಿನೊಳಗೆ ಇಳಿಯುವ ಮಳೆನೀರು ಸೌಮ್ಯ ಆಮ್ಲವಾಗಿ ಸುಣ್ಣದಕಲ್ಲನ್ನು ಕರಗಿಸಿಕೊಳ್ಳುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲ ಹೊರಬಿದ್ದು, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟು ತೆಳು ಪದರವಾಗಿ ಕೂರುತ್ತದೆ. ನೀರಿನ ಆಕ್ಸಿಜನ್, ಮಣ್ಣಿನ ಇಂಗಾಲ ಮತ್ತು ಕಲ್ಲಿನಿಂದ ಬಂದ ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಯುರೇನಿಯಂಗಳು ಆ ಪದರದಲ್ಲಿ ಸೇರಿಕೊಳ್ಳುತ್ತವೆ.

ಗುಹೆಯನ್ನು ಆಯ್ಕೆ ಮಾಡುವಾಗ ಬಾಯಿಯಿಂದ ದೂರದ, ಗಾಳಿ ಹೆಚ್ಚು ಆಡದ ಕೋಣೆಯನ್ನು ಹುಡುಕಿರಿ. ಅಲ್ಲಿ ಗಾಳಿಯ ತೇವಾಂಶ ಶೇಕಡಾ 95ಕ್ಕಿಂತ ಹೆಚ್ಚಿರಬೇಕು ಮತ್ತು ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗಬಾರದು. ಬಾಯಿಯ ಬಳಿ ನೀರು ಆವಿಯಾಗುವುದರಿಂದ ಐಸೊಟೋಪುಗಳ ಪ್ರಮಾಣ ಕೆಡುತ್ತದೆ. ಅನುಮತಿಯ ವಿಷಯವನ್ನು ಕೊನೆಗೆ ಉಳಿಸಬೇಡಿ: ಕಾಯ್ದಿಟ್ಟ ಅರಣ್ಯದಲ್ಲಿ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು, ಮೇಘಾಲಯದಲ್ಲಿ ನೆಲ ಬಹುಮಟ್ಟಿಗೆ ಕುಲ ಮತ್ತು ಸಮುದಾಯಗಳ ಒಡೆತನದಲ್ಲಿರುವುದರಿಂದ ಊರಿನ ಹಿರಿಯರ ಸಭೆಯನ್ನು ಕೇಳಬೇಕು. ದಾಂಡೇಲಿ ಸಮೀಪದ ಕವಳಾ ಗುಹೆಯಲ್ಲಿ ಸ್ಟ್ಯಾಲಗ್ಮೈಟನ್ನೇ ಶಿವಲಿಂಗವೆಂದು ಪೂಜಿಸುತ್ತಾರೆ. ಅಂಥದ್ದನ್ನು ಮಾದರಿಯೆಂದು ಯೋಚಿಸುವುದೂ ಸಲ್ಲದು. ಮಳೆಗಾಲದಲ್ಲಿ ಗುಹೆಗಳಿಗೆ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ, ಬಾವಲಿಗಳಿರುವ ಕಡೆ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರದ ಅಪಾಯವಿದೆ. ಆದ್ದರಿಂದ ಒಬ್ಬರೇ ಇಳಿಯಬಾರದು.

ಮಾದರಿಯನ್ನು ತೆಗೆಯುವ ಮುಂಚೆ ಕನಿಷ್ಠ ಒಂದು ಪೂರ್ಣ ವರ್ಷ, ಸಾಧ್ಯವಾದರೆ ಎರಡು ಮೂರು ವರ್ಷ, ಗುಹೆಯನ್ನು ಗಮನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗುಹೆಯ ಮೇಲಿನ ಬಯಲಿನಲ್ಲಿ ಮಳೆಯ ನೀರನ್ನು ತಿಂಗಳು ತಿಂಗಳೂ ಹಿಡಿದು, ಆವಿಯಾಗದಂತೆ ಸೀಸೆಯನ್ನು ಅಂಚಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಒಳಗೆ ಹನಿಗಳನ್ನು ಎಣಿಸುವ ಲಾಗರ್ ಇಟ್ಟು, ಮಳೆ ಸುರಿದ ಎಷ್ಟು ದಿನಗಳ ಮೇಲೆ ಹನಿಯ ವೇಗ ಏರುತ್ತದೆ ಎಂಬುದನ್ನು ದಾಖಲಿಸಿ. ಹನಿ ಬೀಳುವ ಜಾಗದಲ್ಲಿ ಗಾಜಿನ ಬಿಲ್ಲೆಯೊಂದನ್ನು ಇಟ್ಟರೆ ಅದರ ಮೇಲೆ ಹೊಸ ಕ್ಯಾಲ್ಸೈಟು (ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳು) ಬೆಳೆಯುತ್ತದೆ. ಆ ಕ್ಯಾಲ್ಸೈಟಿನ ಐಸೊಟೋಪು ಪ್ರಮಾಣ ಅದೇ ನೀರು ಮತ್ತು ಉಷ್ಣತೆಯಿಂದ ನಿರೀಕ್ಷಿಸಿದ್ದಕ್ಕೆ ಹತ್ತಿರವಿದೆಯೇ ಎಂದು ನೋಡಬಹುದು. ಮಳೆನೀರು ಬಂಡೆಯೊಳಗೆ ಹಲವು ವರ್ಷ ಬೆರೆತು ನಿಂತು ಬರುತ್ತಿದ್ದರೆ, ಆ ಹನಿಯಿಂದ ಬೆಳೆದ ಕಲ್ಲಿನಲ್ಲಿ ಒಂದೊಂದು ವರ್ಷದ ಮಳೆಯನ್ನು ಹುಡುಕುವುದು ವ್ಯರ್ಥ.

ಕಲ್ಲನ್ನು ಆರಿಸುವಾಗ ತಾನಾಗಿ ಮುರಿದುಬಿದ್ದಿರುವ, ಬುಡದಿಂದ ತುದಿಯವರೆಗೆ ಮೇಣದಬತ್ತಿಯಂತೆ ಒಂದೇ ದಪ್ಪವಿರುವ ಸ್ಟ್ಯಾಲಗ್ಮೈಟಿಗೆ ಆದ್ಯತೆ ಕೊಡಿ. ಒಂದೇ ದಪ್ಪವೆಂದರೆ ಹನಿಯ ಹರಿವು ದೀರ್ಘಕಾಲ ಸ್ಥಿರವಾಗಿತ್ತು ಎಂದರ್ಥ. ಬೆಳೆಯುತ್ತಿರುವ ಕಲ್ಲು ಅನಿವಾರ್ಯವೆನಿಸಿದರೆ ಸಣ್ಣ ವ್ಯಾಸದ ಕೊರೆತದ ಮಾದರಿ ತೆಗೆದು, ಮೊದಲು ಬುಡದ ವಯಸ್ಸನ್ನು ತಿಳಿದು, ಆಮೇಲಷ್ಟೇ ಮುಂದುವರಿಯಬೇಕು. ಸಾವಿರಾರು ವರ್ಷ ಬೆಳೆದದ್ದನ್ನು ಮುರಿದ ಮೇಲೆ ಅದು ನಮಗೆ ಬೇಕಾದ ಕಾಲದ್ದಲ್ಲ ಎಂದು ತಿಳಿದರೆ ಆ ನಷ್ಟವನ್ನು ಯಾರೂ ತುಂಬಲಾರರು.

ಪ್ರಯೋಗಾಲಯದಲ್ಲಿ ವಜ್ರದ ಗರಗಸದಿಂದ ಬೆಳವಣಿಗೆಯ ಅಕ್ಷದ ಉದ್ದಕ್ಕೂ ಸೀಳಿ, ಹೊಳಪು ಕೊಟ್ಟು, ಸ್ಕ್ಯಾನ್ ಮಾಡಿ. ಜೇಡಿಯ ಗೆರೆ, ಬಣ್ಣದ ಬದಲಾವಣೆ, ಕರಗಿದ ಅಂಚು ಎಲ್ಲೆಲ್ಲಿವೆಯೋ ಗುರುತಿಸಿ. ಅಲ್ಲಿ ಬೆಳವಣಿಗೆ ನಿಂತಿದ್ದಿರಬಹುದು. ಖನಿಜ ಕ್ಯಾಲ್ಸೈಟೋ, ಅದೇ ಕಾರ್ಬೊನೇಟಿನ ಇನ್ನೊಂದು ಹರಳುರೂಪವಾದ ಆರಗೊನೈಟೋ ಎಂಬುದನ್ನು ಎಕ್ಸ್-ರೇ ವಿವರ್ತನೆಯಿಂದ ಖಚಿತಪಡಿಸಿಕೊಳ್ಳಿ. ಒಂದೇ ನೀರಿನಿಂದ ಬೆಳೆದರೂ ಆರಗೊನೈಟಿನಲ್ಲಿ ಆಕ್ಸಿಜನ್-18 ಎಂಬ ಭಾರವಾದ ಐಸೊಟೋಪು ಕ್ಯಾಲ್ಸೈಟಿಗಿಂತ ಹೆಚ್ಚಿರುವುದರಿಂದ, ಖನಿಜ ಬದಲಾದ ಗೆರೆಯನ್ನು ಮಳೆ ಬದಲಾದ ಗೆರೆಯೆಂದು ತಿಳಿಯುವ ಅಪಾಯವಿದೆ.

ಇನ್ನು ವಯಸ್ಸು. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದ್ದರಿಂದ ಹೊಸ ಪದರದಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ-230 ಇರುವುದಿಲ್ಲ. ಯುರೇನಿಯಂ-238 ಕ್ಷಯಿಸಿ ಯುರೇನಿಯಂ-234ರ ಮೂಲಕ ಥೋರಿಯಂ-230 ಆಗುತ್ತದೆ. ಥೋರಿಯಂ-230ರ ಅರ್ಧಾಯು ಸುಮಾರು 75,600 ವರ್ಷ. ಪದರದಲ್ಲಿ ಈಗಿರುವ ಈ ಮೂರರ ಪ್ರಮಾಣವನ್ನು ದ್ರವ್ಯರಾಶಿ ರೋಹಿತಮಾಪಕದಲ್ಲಿ ಅಳೆದರೆ ಪದರದ ವಯಸ್ಸು ದೊರೆಯುತ್ತದೆ. ವಿಧಾನದ ಮಿತಿ ಸುಮಾರು ಆರು ಲಕ್ಷ ವರ್ಷ. ಚೀನಾದ ಗುಹೆಗಳ ಕಲ್ಲುಗಳನ್ನು ಜೋಡಿಸಿ 2016ರಲ್ಲಿ ಪ್ರಕಟವಾದ ಏಷ್ಯಾದ ಮಾನ್ಸೂನಿನ ದಾಖಲೆ 6,40,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಜೇಡಿಯೊಡನೆ ಹೊರಗಿನಿಂದ ಬಂದ ಥೋರಿಯಂ ವಯಸ್ಸನ್ನು ಸುಳ್ಳಾಗಿ ಹೆಚ್ಚಿಸುತ್ತದೆ. ಅದರ ಸುಳಿವು ಥೋರಿಯಂ-232ರಲ್ಲಿ ಸಿಗುತ್ತದೆ. ಅದು ಹೆಚ್ಚಿದ್ದರೆ ತಿದ್ದುಪಡಿ ದೊಡ್ಡದಾಗಿ, ಅನಿಶ್ಚಿತತೆಯೂ ದೊಡ್ಡದಾಗುತ್ತದೆ. ಆದ್ದರಿಂದ ಕಾಲಮಾಪನಕ್ಕೆ ಸ್ವಚ್ಛ, ದಟ್ಟ ಪದರಗಳಿಂದಲೇ ಪುಡಿ ತೆಗೆಯಿರಿ. ಮೊದಲು ತುದಿ, ಬುಡ, ಮತ್ತು ಬೆಳವಣಿಗೆ ನಿಂತಿರಬಹುದಾದ ಪ್ರತಿ ಗೆರೆಯ ಎರಡೂ ಬದಿ. ಆಮೇಲೆ ನಡುವಿನ ಅಂತರಗಳು. ವಯಸ್ಸುಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಇಳಿಯದಿದ್ದರೆ ಕಾರಣ ಹುಡುಕಬೇಕೇ ಹೊರತು ಒಗ್ಗದ ಅಂಕಿಯನ್ನು ಸುಮ್ಮನೆ ಕೈಬಿಡಬಾರದು. ಹಣ ಸೀಮಿತವಾಗಿದ್ದರೆ ಐಸೊಟೋಪಿನ ಬಿಂದುಗಳನ್ನು ಕಡಿಮೆ ಮಾಡಿ, ಕಾಲಮಾಪನದ ಬಿಂದುಗಳನ್ನು ಹೆಚ್ಚಿಸಿ.

ವಾರ್ಷಿಕ ಪದರಗಳು ಸ್ಪಷ್ಟವಾಗಿದ್ದರೆ ಅವನ್ನು ಎಣಿಸಿಯೂ ಕಾಲವನ್ನು ನಿರ್ಣಯಿಸಬಹುದು. ಉತ್ತರ ಕನ್ನಡ ಜಿಲ್ಲೆಯ ಆಕಳಗವಿಯ ಸ್ಟ್ಯಾಲಗ್ಮೈಟಿನಿಂದ ಯಾದವ, ರಮೇಶ್ ಮತ್ತು ಪಂತ್ ಅವರು 2004ರಲ್ಲಿ ಪ್ರಕಟಿಸಿದ 331 ವರ್ಷಗಳ ಮಳೆಯ ದಾಖಲೆ ಕನ್ನಡ ನಾಡಿನ ವಿದ್ಯಾರ್ಥಿಗಳು ಮೊದಲು ಓದಬೇಕಾದ ಅಧ್ಯಯನ.

ಐಸೊಟೋಪಿಗೆ ಪುಡಿ ಕೊರೆಯುವ ಮುನ್ನ ಒಂದು ಸರಳ ಲೆಕ್ಕ ಹಾಕಿಕೊಳ್ಳಿ. ಕಲ್ಲು 300 ಮಿಲಿಮೀಟರ್ ಉದ್ದವಿದ್ದು 6,000 ವರ್ಷ ಬೆಳೆದಿದೆ ಎನ್ನಿ, ವರ್ಷಕ್ಕೆ 0.05 ಮಿಲಿಮೀಟರ್ ಆಯಿತು. ಅರ್ಧ ಮಿಲಿಮೀಟರಿಗೆ ಒಂದರಂತೆ ಕೊರೆದರೆ 600 ಪುಡಿಗಳಾಗುತ್ತವೆ, ಒಂದೊಂದೂ ಹತ್ತು ವರ್ಷಗಳ ಸರಾಸರಿ. ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರದಂಥದ್ದು ಅಂಥ ಸರಾಸರಿಯಲ್ಲಿ ಮಸುಕಾಗಿಬಿಡುತ್ತದೆ. ನಿಮ್ಮ ಪ್ರಶ್ನೆ ಬರಗಳನ್ನು ಕುರಿತದ್ದಾದರೆ ವೇಗವಾಗಿ ಬೆಳೆದ ಕಲ್ಲು ಬೇಕು. ಶತಮಾನಗಳ ಒಲವನ್ನು ಕುರಿತದ್ದಾದರೆ ಇದೇ ಸಾಕು. ಪುಡಿಯನ್ನು ಫಾಸ್ಫಾರಿಕ್ ಆಮ್ಲದೊಡನೆ ಬೆರೆಸಿ, ಬರುವ ಅನಿಲವನ್ನು ಅಳೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ.

ಅಂಕಿಗಳು ಬಂದ ಮೇಲೆ ಅವುಗಳ ಅರ್ಥವೇನೆಂಬ ಪ್ರಶ್ನೆ ಏಳುತ್ತದೆ. ಉಷ್ಣವಲಯದಲ್ಲಿ ಮಳೆ ಹೆಚ್ಚಿದಷ್ಟೂ ಅದರಲ್ಲಿ ಆಕ್ಸಿಜನ್-18 ಕಡಿಮೆಯಾಗುವ ಪ್ರವೃತ್ತಿಯನ್ನು ಡೆನ್ಮಾರ್ಕಿನ ವಿಜ್ಞಾನಿ ಡ್ಯಾನ್ಸ್‌ಗಾರ್ಡ್ 1964ರಲ್ಲಿ ವಿವರಿಸಿದರು. ಇದನ್ನು ಆಧರಿಸಿ ಆಕ್ಸಿಜನ್-18ರ ರೇಖೆ ಇಳಿದಲ್ಲೆಲ್ಲ ಮಳೆ ಹೆಚ್ಚಿತ್ತು ಎಂದು ಬರೆದುಬಿಡುವುದು ಆತುರದ ಮಾತು. ಮೋಡ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಸುರಿದು ಬಂತು, ಯಾವ ಋತುವಿನ ಪಾಲು ಎಷ್ಟು ಎಂಬುದೆಲ್ಲ ಇದರಲ್ಲಿ ಬೆರೆತಿರುತ್ತದೆ. ದಕ್ಷಿಣ ಭಾರತದ ಹಲವೆಡೆ ಹಿಂಗಾರು ಮಳೆಯಲ್ಲಿ ಆಕ್ಸಿಜನ್-18 ಮುಂಗಾರಿಗಿಂತ ಕಡಿಮೆ. ಎರಡೂ ಮಳೆ ಬೀಳುವ ಸೀಮೆಯಲ್ಲಿ ಹಿಂಗಾರಿನ ಪಾಲು ಹೆಚ್ಚಿದರೆ ಸಾಕು, ಒಟ್ಟು ಮಳೆ ಬದಲಾಗದಿದ್ದರೂ ರೇಖೆ ಇಳಿಯುತ್ತದೆ. ಉಷ್ಣತೆಯೂ ತನ್ನ ಪಾಲು ಸೇರಿಸುತ್ತದೆ: ಗುಹೆಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕ್ಯಾಲ್ಸೈಟಿನಲ್ಲಿ ಆಕ್ಸಿಜನ್-18ರ ಪ್ರಮಾಣ ಸಾವಿರಕ್ಕೆ ಸುಮಾರು 0.2ರಷ್ಟು ಇಳಿಯುತ್ತದೆ. ಆದ್ದರಿಂದ ಇನ್ನೊಂದು ಸಾಕ್ಷಿ ಬೇಕು. ಒಣಗಾಲದಲ್ಲಿ ನೀರು ಬಂಡೆಯ ಬಿರುಕುಗಳಲ್ಲೇ ಒಂದಿಷ್ಟು ಕ್ಯಾಲ್ಸೈಟನ್ನು ಬಿಟ್ಟು ಬರುವುದರಿಂದ, ಕೆಳಗಿನ ಪದರದಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಸಿಯಂ ಮತ್ತು ಸ್ಟ್ರಾನ್ಷಿಯಂ ಜೊತೆಯಾಗಿ ಏರುತ್ತವೆ. ಆಗ ಇಂಗಾಲ-13 ಕೂಡ ಏರುವುದುಂಟು, ಆದರೆ ಕಾಡು ಹುಲ್ಲುಗಾವಲಾದಾಗಲೂ ಅದು ಏರಬಹುದು. ಈ ಸಾಕ್ಷಿಗಳೆಲ್ಲ ಒಂದೇ ದಿಕ್ಕನ್ನು ತೋರಿದಾಗ ಮಾತ್ರ ಒಣಗಾಲವೆಂದು ಧೈರ್ಯವಾಗಿ ಹೇಳಿರಿ.

ಒಂದೇ ಗುಹೆಯ ಎರಡನೆಯ ಕಲ್ಲಿನಲ್ಲಿಯೂ ಅದೇ ಏರಿಳಿತ ಕಾಣಿಸಬೇಕು. ಒಂದೊಂದು ಹನಿಯ ದಾರಿ ಬೇರೆಯಾದ್ದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಚಿರಾಪುಂಜಿಯ ಬಳಿಯ ಮಾವ್ಮ್ಲು ಗುಹೆ ಇದಕ್ಕೆ ನಿದರ್ಶನ. ಅಲ್ಲಿನ ಒಂದು ಸ್ಟ್ಯಾಲಗ್ಮೈಟಿನಲ್ಲಿ ಸುಮಾರು 4,200 ವರ್ಷಗಳ ಹಿಂದಿನ ದುರ್ಬಲ ಮುಂಗಾರಿನ ಗುರುತು ಸಿಕ್ಕಿ, 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಆ ಗೆರೆಯನ್ನೇ ಮೇಘಾಲಯನ್ ಯುಗದ ಆರಂಭವೆಂದು ಅಂಗೀಕರಿಸಿತು. ಅದೇ ಗುಹೆಯ ಬೇರೆ ಕಲ್ಲುಗಳನ್ನು ಇನ್ನಷ್ಟು ಸೂಕ್ಷ್ಮವಾಗಿ, ಹೆಚ್ಚು ವಯೋಬಿಂದುಗಳೊಡನೆ ಪರಿಶೀಲಿಸಿದಾಗ ಆ ಘಟನೆಯ ಸ್ವರೂಪ ಮತ್ತು ಅವಧಿ ಬೇರೆ ರೀತಿಯಲ್ಲಿ ಕಂಡುಬಂದು, ಚರ್ಚೆ ಮುಂದುವರಿದಿದೆ.

ಪ್ರಯೋಗಾಲಯ ಕೈಗೆ ಎಟುಕದವರು ಸೈಸಲ್ ಎಂಬ ಜಾಗತಿಕ ಸಂಗ್ರಹದಿಂದಲೋ ಅಮೆರಿಕದ ನೋವಾ ಸಂಸ್ಥೆಯ ಪ್ರಾಚೀನ ಹವಾಮಾನದ ಭಂಡಾರದಿಂದಲೋ ಪ್ರಕಟಿತ ಅಂಕಿಗಳನ್ನು ಉಚಿತವಾಗಿ ಇಳಿಸಿಕೊಂಡು ಅಭ್ಯಾಸ ಮಾಡಬಹುದು. ರೇಖೆ ಎಳೆಯುವಾಗ ವಯೋಬಿಂದುಗಳನ್ನು ಅವುಗಳ ಅನಿಶ್ಚಿತತೆಯ ಪಟ್ಟಿಯೊಡನೆ ಅದೇ ಚಿತ್ರದಲ್ಲಿ ತೋರಿಸಿ. ‘ಇಂದಿಗೆ ಹಿಂದೆ’ ಎಂದು ಬರೆದಿರುವಲ್ಲಿ 1950ರಿಂದಲೋ 2000ದಿಂದಲೋ ಎಂದು ನೋಡಿಕೊಳ್ಳಿ. ಸ್ವಂತ ಕಲ್ಲಿನ ಕೆಲಸ ಮುಗಿಸಿದವರು ಸೀಳಿದ ಇನ್ನೊಂದು ಅರ್ಧವನ್ನು, ಕೊರೆದ ಬಿಂದುಗಳ ನಕ್ಷೆಯೊಂದಿಗೆ, ಬೇರೆಯವರು ಮತ್ತೆ ಅಳೆಯಲು ಸಾಧ್ಯವಾಗುವಂತೆ ಸಂಸ್ಥೆಯ ಸಂಗ್ರಹಕ್ಕೆ ಒಪ್ಪಿಸಬೇಕು, ಮತ್ತು ಅಂಕಿಗಳನ್ನು ಲೇಖನ ಪ್ರಕಟವಾದ ದಿನವೇ ಸಾರ್ವಜನಿಕ ಭಂಡಾರಕ್ಕೆ ಸೇರಿಸಬೇಕು.