ಮೀನಿನ ಕೊಳಕ್ಕೆ ಸಹಾಯಧನ: ಅರ್ಜಿಗೂ ಮುಂಚೆ ನೀರಿನ ಲೆಕ್ಕ

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಕರಾವಳಿಯವರಿಗೆ ಮಾತ್ರ ಎಂದು ಕೋಲಾರದಲ್ಲಿ ಇಂದಿಗೂ ನಂಬಿರುವವರಿದ್ದಾರೆ. 2020ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಳನಾಡಿನ ರೈತರ ಕೊಳಕ್ಕೂ ಹಣವಿದೆ.

ಅರ್ಜಿ ಹಿಡಿದು ಓಡುವ ಮುನ್ನ ಕೊಳ ತೋಡುವ ಜಾಗದಲ್ಲಿ ನಿಂತು ಯೋಚಿಸಿ: ಏಪ್ರಿಲ್‌ನಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇ? ಕಾಟ್ಲಾ, ರೋಹು ಮೀನುಗಳು ಮಾರಾಟದ ಗಾತ್ರಕ್ಕೆ ಬರಲು ಎಂಟು–ಹತ್ತು ತಿಂಗಳು ಬೇಕು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಯೊಂದನ್ನೇ ನಂಬಿ ಮೀನು ಬಿಟ್ಟರೆ ಟೊಮೆಟೊಗೂ ನೀರಿಲ್ಲ, ಮೀನಿಗೂ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ತುಂಬಿದ ಕೆರೆಗಳ ಸುತ್ತ ಅಂತರ್ಜಲ ಮೇಲೆ ಬಂದಿರುವುದರಿಂದ ಅಲ್ಲಿಯವರಿಗೆ ಸ್ವಲ್ಪ ಧೈರ್ಯವಿದೆ.

ನೀರು ಖಾತ್ರಿಯಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ಈ ವರ್ಷ ಯಾವ ಘಟಕಕ್ಕೆ ಅನುದಾನ ಉಳಿದಿದೆ ಎಂದು ಕೇಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ ಜೊತೆಗಿರಲಿ.

ಹಣದ ಲೆಕ್ಕ ಸ್ಪಷ್ಟವಾಗಿರಬೇಕು. ಸಹಾಯಧನ ಲೆಕ್ಕ ಹಾಕಲು ಹೊಸ ಕೊಳಕ್ಕೆ ಯೋಜನೆ ನಿಗದಿಪಡಿಸಿದ ಘಟಕ ವೆಚ್ಚ ಹೆಕ್ಟೇರಿಗೆ 7 ಲಕ್ಷ ರೂಪಾಯಿ. ಅಂದರೆ ಎಕರೆಗೆ ಸುಮಾರು 2.8 ಲಕ್ಷ. ಸಾಮಾನ್ಯ ವರ್ಗಕ್ಕೆ ಇದರ ಶೇ 40, ಅಂದರೆ 1.12 ಲಕ್ಷ ಸಿಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 60, ಅಂದರೆ 1.68 ಲಕ್ಷ. ಮನೆಯಲ್ಲಿ ಜಮೀನು ಹೆಂಡತಿಯ ಹೆಸರಿನಲ್ಲಿದ್ದು ಕೊಳವನ್ನು ಅವರೇ ನೋಡಿಕೊಳ್ಳುವುದಾದರೆ ಅರ್ಜಿಯನ್ನೂ ಅವರೇ ಹಾಕಲಿ.

ಈ ಹಣ ಮುಂಗಡವಾಗಿ ಕೈಗೆ ಬರುತ್ತದೆಂದು ಸಾಲ ಮಾಡಬೇಡಿ. ಕೆಲಸ ಮುಗಿದು ಅಧಿಕಾರಿಗಳು ಬಂದು ನೋಡಿದ ಮೇಲಿನ ಮಾತು ಅದು. ಮಂಜೂರಾತಿ ಪತ್ರ ಕೈಸೇರುವವರೆಗೆ ಜೆಸಿಬಿಯನ್ನೂ ಕರೆಸಬೇಡಿ. ನಂತರ ಅಗೆಯುವ ಮುನ್ನ, ಅಗೆಯುವಾಗ, ನೀರು ತುಂಬಿದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಒಂದು ರಸೀದಿಯನ್ನೂ ಕಳೆಯಬೇಡಿ.

ಮರಿ ಬಿಟ್ಟ ಮೇಲೆ ದಿನವೂ ಬೆಳಿಗ್ಗೆ ಕೊಳಕ್ಕೆ ಹೋಗಿ, ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಮಸುಕಾಗಿ ಹಸಿರಾಗಿ ಕಂಡರೆ ನೀರು ಚೆನ್ನಾಗಿದೆ. ಮಣಿಕಟ್ಟೇ ಕಾಣದಷ್ಟು ಹಸಿರು ದಟ್ಟವಾಗಿದ್ದರೆ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಆಮ್ಲಜನಕ ಇಳಿದಿದೆ: ಅಂದು ಮೀನಿಗೆ ಹಾಕುವ ಹಿಂಡಿ, ತೌಡು ನಿಲ್ಲಿಸಿ ಹೊಸ ನೀರು ಹಾಯಿಸಿ.

ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ತರಬೇಡಿ. ಅದರ ಸಾಕಣೆಗೆ ನಿಷೇಧವಿದೆ. ಒಂದು ಜೋರು ಮಳೆಗೆ ಕೊಳ ಉಕ್ಕಿ ಅದು ಕೆರೆ ಸೇರಿದರೆ ಅಲ್ಲಿನ ನಾಡಮೀನುಗಳನ್ನೆಲ್ಲ ನುಂಗುತ್ತದೆ. ಯಾವ ಮೀನನ್ನೇ ಸಾಕಿ, ಹೆಚ್ಚುವರಿ ನೀರು ಹೊರಹೋಗುವ ಬಾಯಿಗೆ ಸಣ್ಣ ಕಣ್ಣಿನ ಬಲೆಯನ್ನು ಮುಂಗಾರಿಗೆ ಮುನ್ನವೇ ಕಟ್ಟಿ.