ನಮ್ಮ ಮನೆಯ ಹಂಡೆ ಒಲೆ: ನಾನು ಸರಿಮಾಡಿಕೊಂಡ ಬಗೆ

ನಮ್ಮದು ಪಾಂಡವಪುರ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಗೀಸರ್ ಇದೆ, ಆದರೂ ಬಚ್ಚಲುಮನೆಯ ಹಂಡೆ ಒಲೆ ಬಿಟ್ಟಿಲ್ಲ. ಅವ್ವನಿಗೆ ಹಂಡೆ ನೀರೇ ಆಗಬೇಕು. ತೆಂಗಿನ ಮಟ್ಟೆ, ಕರಟ, ರೇಷ್ಮೆ ಕಡ್ಡಿ (ಹಿಪ್ಪುನೇರಳೆ ಕಡ್ಡಿ) ಹೇಗೂ ತೋಟದಲ್ಲೇ ಸಿಗುತ್ತವೆ.

ಮೂರು ವರ್ಷದ ಹಿಂದೆ, ಧನುರ್ಮಾಸದ ಒಂದು ಬೆಳಗ್ಗೆ. ಅವ್ವ ಸ್ನಾನಕ್ಕೆ ಹೋಗಿದ್ದರು. ಚಳಿ ಅಂತ ಕಿಟಕಿಗೆ ಗೋಣಿಚೀಲ ತುರುಕಿದ್ದರು. ಉರಿ ಆರಿ ಬರೀ ಕೆಂಡ ಉಳಿದಿತ್ತು. ಹೊಗೆಯ ಸುಳಿವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು, ಗೋಡೆ ಹಿಡಿದು ನಿಂತರು. "ಯಾಕೋ ತಲೆ ಗಿರ್ ಅಂತದೆ ಕಣ್ ಮಗ" ಅಂದರು. ಅಂಗಳಕ್ಕೆ ಕರೆತಂದು ಗಾಳಿಗೆ ಕೂರಿಸಿ, ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಮ್ಲಜನಕ ಕೊಟ್ಟರು, ಸಂಜೆಗೆ ಚೇತರಿಸಿಕೊಂಡರು.

ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಹೊಗೆ ನಿಂತರೆ ಭಯವಿಲ್ಲ ಅಂತ ನಾನೂ ನಂಬಿದ್ದೆ. ಅದು ತಪ್ಪು. ಉರಿಯುವ ಒಲೆಯ ಮೇಲೆ ಎಲ್ಲರ ಕಣ್ಣಿರುತ್ತದೆ, ಆರಿದಂತೆ ಕಾಣುವ ಒಲೆಯನ್ನು ಯಾರೂ ನೋಡುವುದಿಲ್ಲ ಅಲ್ವಾ?

ಮೊದಲು ಆ ಗೋಣಿಚೀಲ ಕಿತ್ತೆ. ಕಿಟಕಿಯ ಜಾಗಕ್ಕೆ ಮುಚ್ಚಲು ಬಾರದ ಜಾಲಿ ಕೂರಿಸಿದೆ, ಬಾಗಿಲ ಕೆಳಗೂ ಗಾಳಿಗೆ ಸಂದು ಬಿಟ್ಟೆ. ಈಗ ಸ್ನಾನಕ್ಕೆ ಮೊದಲೇ ಕೆಂಡವನ್ನೆಲ್ಲ ಹೊರಗೆ ತೆಗೆದುಬಿಡುತ್ತೇವೆ. ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವ ಅಲಾರಂ ಕೂಡ ತಂದೆ. ಬಚ್ಚಲಲ್ಲಿ ಆವಿ ಹೊಡೆಯುತ್ತದೆ, ಹಾಗಾಗಿ ಪಕ್ಕದ ನಡುಮನೆಯಲ್ಲಿ ಹಾಕಿದ್ದೇನೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಸದ್ದು ಬರುತ್ತದಾ ನೋಡುತ್ತೇನೆ.

ಆಮೇಲೆ ಚಿಮಣಿ. ಮುಂಚೆ ಇದ್ದದ್ದು ಸಿಮೆಂಟ್ ಪೈಪು. ಕಾವಿಗೆ ಸೀಳಿತ್ತು, ಅದೂ ಮಾಡಿನ ಮರದ ತೊಲೆಯ ಹತ್ತಿರವೇ. ನೋಡಿ ಎದೆ ಧಸಕ್ ಎಂದಿತು. ಅದನ್ನು ತೆಗೆಸಿ, ತೊಲೆಯಿಂದ ದೂರಕ್ಕೆ ಇಟ್ಟಿಗೆಯ ಹೊಗೆಗೂಡು ಕಟ್ಟಿಸಿದೆ. ಮಾಡು ದಾಟುವ ಕಡೆ ಅದರಿಂದ 3 ಅಡಿ ಮೇಲಕ್ಕೆ, ಸುತ್ತ 10 ಅಡಿಯೊಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಮೇಲಕ್ಕೆ ಬಾಯಿ ಇರಬೇಕು. ಕಡಿಮೆಯಾದರೆ ಗಾಳಿ ತಿರುಗಿ ಹೊಗೆ ಒಳಕ್ಕೇ ಬರುತ್ತದೆ. ತುದಿಗೆ ಕಬ್ಬಿಣದ ಬಲೆ ಹಾಕಿಸಿದೆ. ಕಬ್ಬಿನ ಸೋಗೆ ಹಾಕಿದರೆ ಕಿಡಿ ಹಾರುತ್ತದೆ, ಹಿತ್ತಲಲ್ಲೇ ಹುಲ್ಲಿನ ಮೆದೆ ಇದೆ. ಈಗ ಸೋಗೆಯನ್ನು ಒಲೆಗೆ ಹಾಕುವುದನ್ನೇ ಬಿಟ್ಟಿದ್ದೇವೆ.

ಹಳೆ ಪೈಪಿನ ಒಳಗೆ ಕಪ್ಪಗೆ, ಟಾರಿನಂತೆ ಹೊಳೆಯುವ ಪದರ ಕಟ್ಟಿತ್ತು. ಹಸಿ ಸೌದೆ ಉರಿಯದೆ ಹೊಗೆಯಾಡಿದಾಗ, ಆ ಹೊಗೆ ತಣ್ಣನೆಯ ಗೋಡೆಗೆ ತಾಗಿ ಹೀಗೆ ಗಟ್ಟಿಯಾಗುತ್ತದೆ. ಇದಕ್ಕೇ ಬೆಂಕಿ ಹತ್ತುವುದು. ಮಸಿ 3 ಮಿಲಿಮೀಟರ್ ದಪ್ಪವಾಗುವಷ್ಟರಲ್ಲಿ ತೆಗೆಯಬೇಕು. ನಾನು ಹಗ್ಗಕ್ಕೆ ತಂತಿ ಬ್ರಷ್ಷೂ ಭಾರಕ್ಕೊಂದು ಕಬ್ಬಿಣದ ತುಂಡೂ ಕಟ್ಟಿ ಮೇಲಿಂದ ಇಳಿಬಿಟ್ಟು ಉಜ್ಜುತ್ತೇನೆ. ದೀಪಾವಳಿಗೆ ಮೊದಲು ಒಂದು ಸಲ, ಶಿವರಾತ್ರಿ ಕಳೆದ ಮೇಲೆ ಇನ್ನೊಂದು ಸಲ. ಬಲೆಯಲ್ಲೂ ಮಸಿ ಕಟ್ಟಿಕೊಳ್ಳುತ್ತದೆ, ಅದನ್ನೂ ಬಿಡಿಸಬೇಕು. ಅಕಸ್ಮಾತ್ ಗೂಡಿನೊಳಗೆ ಬೆಂಕಿ ಹತ್ತಿ ಬುಸುಗುಟ್ಟಿದರೆ ಮೇಲಿಂದ ನೀರು ಸುರಿಯಬಾರದು, ಇಟ್ಟಿಗೆ ಸಿಡಿಯುತ್ತದೆ. ಒಲೆಯ ಬಾಯಿಗೆ ತಗಡು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಸೌದೆಯನ್ನು ಸಂಕ್ರಾಂತಿ ಹೊತ್ತಿಗೆ ಸೀಳಿ, ಬೇಸಿಗೆಯಿಡೀ ಒಣಗಿಸಿ, ಮುಂಗಾರಿಗೆ ಮುಂಚೆ ಕೊಟ್ಟಿಗೆ ಸೇರಿಸುತ್ತೇವೆ. ಎರಡು ತುಂಡು ತಟ್ಟಿದರೆ ಟಣ್ ಅನ್ನಬೇಕು, ಮಂಕು ಸದ್ದು ಬಂದರೆ ಇನ್ನೂ ಹಸಿ ಇದೆ ಅಂತ. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟುತ್ತೇನೆ. ಚೇಳು, ಹಾವು ಸೇರಿಕೊಳ್ಳುತ್ತವೆ, ಕತ್ತಲಲ್ಲಿ ಸುಮ್ನೆ ಕೈ ಹಾಕಬೇಡಿ. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್, ಪ್ಲಾಸ್ಟಿಕ್ ಒಲೆಗೆ ಬೇಡ. ಸೀಮೆಎಣ್ಣೆ ಸುರಿಯುವುದಂತೂ ಬೇಡವೇ ಬೇಡ. ಬೆಳಗಿನ ಜಾವ ಗೂಡು ತಣ್ಣಗಿದ್ದು ಹೊಗೆ ಎಳೆಯದಿದ್ದರೆ, ಒಣಗರಿಯ ಒಂದು ಹಿಡಿ ಹಚ್ಚಿ ಗೂಡಿನ ಬುಡಕ್ಕೆ ಹಿಡಿದರೆ ಸಾಕು. ಕಾವು ಏರಿ ದಾರಿ ಬಿಡುತ್ತದೆ.

ಬೂದಿ ತಣ್ಣಗಾಗಿದೆ ಅಂತ ಕಣ್ಣು ಹೇಳಿದರೂ ನಂಬುವುದಿಲ್ಲ. ಒಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ತುಂಬಿ, ಮನೆಯಿಂದಲೂ ಮೆದೆಯಿಂದಲೂ ದೂರ, ಬರೀ ನೆಲದ ಮೇಲೆ ಮೂರು ನಾಲ್ಕು ದಿನ ಇಡುತ್ತೇನೆ. ಆಮೇಲೆ ತೆಂಗಿನ ಪಾತಿಗೆ ಒಂದೆರಡು ಹಿಡಿ ಅಷ್ಟೇ. ನಮ್ಮ ನಾಲೆ ನೀರಿನ ಗದ್ದೆಯ ಅಂಚಿನಲ್ಲಿ ಮೊದಲೇ ಚೌಳು, ಬೂದಿ ಜಾಸ್ತಿಯಾದರೆ ಮಣ್ಣು ಇನ್ನೂ ಕೆಡುತ್ತದೆ. ಉಳಿದದ್ದು ಜರಡಿ ಹಿಡಿದು ಅವ್ವನ ಕೈಗೆ, ಪಾತ್ರೆ ಉಜ್ಜಲು.