ಲಕ್ವಾ ಹೊಡೆದವರಿಗೆ ಉಣಿಸುವುದು ಹೇಗೆ?

ಲಕ್ವಾ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೆ ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಹೇಗೆ ನೀರು ಕುಡಿಸುತ್ತಾರೆ ಗೊತ್ತಲ್ವಾ? ಅಂಗಾತ ಮಲಗಿದವರ ತಲೆಯಷ್ಟೇ ಎತ್ತಿ, ಲೋಟ ಬಾಯಿಗೆ ಹಿಡಿಯುತ್ತಾರೆ. ಕೆಮ್ಮು ಬಂದರೆ ‘ನೆತ್ತಿಗೇರಿತು’ ಅಂತ ತಲೆ ತಟ್ಟುತ್ತಾರೆ. ನೋಡಿದಾಗಲೆಲ್ಲ ನನ್ನ ಎದೆ ಝಲ್ ಅನ್ನುತ್ತದೆ. ಲಕ್ವಾದಲ್ಲಿ ನುಂಗುವ ಶಕ್ತಿಯೂ ಕುಂದಿರಬಹುದು, ಆ ನೀರು ಶ್ವಾಸನಾಳಕ್ಕೆ ಹೋಗಿರುತ್ತದೆ. ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿದುಬಿಡುತ್ತದೆ.

ಅದಕ್ಕೇ ಮೊದಲು ನುಂಗುವ ಪರೀಕ್ಷೆ ಆಗಲಿ. ಅದನ್ನು ಮಾಡುವವರು ಸ್ಪೀಚ್ ಥೆರಪಿಸ್ಟ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಡಿಸ್‌ಚಾರ್ಜ್‌ಗೆ ಮುಂಚೆಯೇ ಕೇಳಿ, ಊಟ ಮತ್ತು ನೀರು ಎಷ್ಟು ಗಟ್ಟಿ ಇರಬೇಕು ಅಂತ ಬರೆಸಿಕೊಳ್ಳಿ. ಮೂಗಿನಲ್ಲಿ ನಳಿಗೆ ಇದ್ದರೆ, ಥೆರಪಿಸ್ಟ್ ಹೇಳುವ ತನಕ ‘ಪಾಪ, ಒಂದೇ ಗುಟುಕು’ ಅಂತ ಬಾಯಿಗೆ ಏನೂ ಹಾಕಬೇಡಿ.

ಇನ್ನು ಅಡುಗೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಚುರಮುರಿ ಸದ್ಯಕ್ಕೆ ಬೇಡ, ಪುಡಿಯಾಗಿ ಗಂಟಲಲ್ಲಿ ಚೆಲ್ಲಾಡುತ್ತವೆ. ‘ಮೆತ್ತಗಿದೆಯಲ್ಲ’ ಅಂತ ನುಚ್ಚಿಗೆ ಮಜ್ಜಿಗೆ ಸುರಿದು ಕೊಡುವುದು ಇನ್ನೂ ದೊಡ್ಡ ತಪ್ಪು. ನುಚ್ಚು ಬಾಯಲ್ಲಿ ಉಳಿಯುತ್ತದೆ, ಮಜ್ಜಿಗೆ ಮೊದಲೇ ಗಂಟಲಿಗೆ ಜಾರುತ್ತದೆ. ನುಚ್ಚನ್ನು ಗಟ್ಟಿ ಮೊಸರಿನ ಜೊತೆ ಮಿಕ್ಸಿಗೆ ಹಾಕಿ, ಗಂಟಿಲ್ಲದಂತೆ ನುಣ್ಣಗೆ ಮಾಡಿ.

ನೀರು, ಚಹಾ ಕೂಡ ಮಜ್ಜಿಗೆಯಂತೆ ಬೇಗ ಜಾರುತ್ತವೆ. ಅವನ್ನು ಗಟ್ಟಿ ಮಾಡಿ ಕೊಡಲು ಹೇಳಿದ್ದರೆ, ಅದಕ್ಕೆ ಬೇಕಾದ ಪುಡಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ‘ಕ್ಸಾಂಥನ್ ಗಮ್’ ಅಂತ ಇರುವುದನ್ನೇ ತನ್ನಿ. ಕಾರ್ನ್‌ಫ್ಲೋರ್ ಅಗ್ಗ ನಿಜ, ಆದರೆ ಅದು ಪಿಷ್ಟ, ಜೊಲ್ಲು ತಾಗಿದರೆ ನೀರಾಗುತ್ತದೆ. ನಮ್ಮ ಅಂಬಲಿಯದ್ದೂ ಇದೇ ಕಥೆ. ಎಂಜಲು ಚಮಚ ಮತ್ತೆ ಮತ್ತೆ ಅದ್ದಿದರೆ ಬಟ್ಟಲಲ್ಲೇ ತೆಳುವಾಗುತ್ತದೆ, ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ. ಐಸ್‌ಕ್ರೀಮೂ ಬಾಯಲ್ಲಿ ಕರಗಿ ನೀರೇ ಆಗುತ್ತದೆ.

ನಿದ್ದೆಗಣ್ಣಿನಲ್ಲಿದ್ದರೆ ಕಾಯಿರಿ. ಚೆನ್ನಾಗಿ ಎಚ್ಚರವಾದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಟಿವಿ ಬಂದ್.

ಈಗ ಚಮಚದ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ನೀವು ನಿಂತು ತಿನ್ನಿಸಿದರೆ ಅವರು ನಿಮ್ಮನ್ನು ನೋಡಲು ಗದ್ದ ಮೇಲೆತ್ತುತ್ತಾರೆ. ಗದ್ದ ಎತ್ತಿದರೆ ಶ್ವಾಸದ ದಾರಿಗೆ ಬೀಳುವ ಅಪಾಯ ಜಾಸ್ತಿ. ಎದುರಿಗೆ, ಅವರಷ್ಟೇ ಎತ್ತರದಲ್ಲಿ ಕೂತುಕೊಳ್ಳಿ. ಟೀ ಚಮಚದಲ್ಲಿ ಅರ್ಧ ಮಾತ್ರ ತುಂಬಿ. ಕೆಳಗಿನಿಂದ ತಂದು ನಾಲಿಗೆಯ ಮೇಲಿಡಿ, ಬಾಯಿಯ ಸೋಲದ, ಶಕ್ತಿ ಇರುವ ಕಡೆಗೆ. ತುಟಿ ಮುಚ್ಚಲಿ, ಆಮೇಲೆ ಚಮಚ ನೇರವಾಗಿ ಹೊರಗೆಳೆಯಿರಿ. ಮೇಲಿನ ಹಲ್ಲಿಗೆ ಒರೆಸಿ ತೆಗೆಯಬೇಡಿ, ತಲೆ ಹಿಂದಕ್ಕೆ ವಾಲುತ್ತದೆ.

ಆಮೇಲೆ ಗಂಟಲು ನೋಡಿ. ಮುಂದಿರುವ ಉಬ್ಬು ಮೇಲೆ ಹೋಗಿ ಕೆಳಗಿಳಿದರೆ ನುಂಗಿದರು ಅಂತ ಅರ್ಥ. ಬಾಯಿ ಅಲ್ಲಾಡಿದರೆ ಸಾಲದು. ಇನ್ನೊಮ್ಮೆ ಬರೀ ಬಾಯಲ್ಲಿ ನುಂಗಲು ಹೇಳಿ. ‘ಅವ್ವಾ, ಆ... ಅನ್ನು’ ಅನ್ನಿ. ದನಿ ಒದ್ದೆಯಾಗಿ ಗೊರಗೊರ ಅಂದರೆ ಏನೋ ಗಂಟಲಲ್ಲೇ ನಿಂತಿದೆ. ಕೆಮ್ಮಿಸಿ, ಮತ್ತೆ ನುಂಗಿಸಿ, ದನಿ ತಿಳಿಯಾದ ಮೇಲೆ ಮುಂದಿನ ಚಮಚ. ತಿಳಿಯಾಗದಿದ್ದರೆ ಊಟ ಅಲ್ಲಿಗೇ ನಿಲ್ಲಿಸಿ. ಸಿರಿಂಜ್‌ನಿಂದ ಬಾಯಿಗೆ ಒತ್ತಿ ಬೇಗ ಮುಗಿಸುವವರಿದ್ದಾರೆ. ದಯವಿಟ್ಟು ಬೇಡ. ಅರ್ಧ ತಾಸು ಹಿಡಿದರೆ ಹಿಡಿಯಲಿ.

ಮುಗಿದ ಮೇಲೆ ಸೋತ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ನೋಡಿ, ಬಾಯಿ, ಹಲ್ಲು ಸ್ವಚ್ಛ ಮಾಡಿ. ಅರ್ಧ ತಾಸು ಮಲಗಿಸಬೇಡಿ. ಗುಳಿಗೆಗಳನ್ನೆಲ್ಲ ಸುಮ್ನೆ ಕುಟ್ಟಿ ಕಲಸಬೇಡಿ, ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಪುಡಿ ಮಾಡಬಾರದು. ಡಾಕ್ಟರನ್ನು ಕೇಳಿ.

ಲಕ್ವಾ ಇಲ್ಲದವರಿಗೂ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗಿ, ತೂಕ ಇಳಿಯುತ್ತಿದ್ದರೆ ಅದು ಬೇರೆ ರೋಗ. ಅನ್ನನಾಳದ ಕ್ಯಾನ್ಸರ್ ಕೂಡ ಇರಬಹುದು. ತಂಬಾಕು, ಗುಟ್ಕಾ ಅಭ್ಯಾಸ ಇದ್ದವರಂತೂ ತಡ ಮಾಡದೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ನಳಿಗೆ ಇಳಿಸಿ ನೋಡುವ ಪರೀಕ್ಷೆ) ಬಗ್ಗೆ ಡಾಕ್ಟರನ್ನು ಕೇಳಬೇಕು.

ನೀವು ಉಣಿಸುತ್ತಿರುವ ಹಿರಿಯರಿಗೆ ಜ್ವರ, ಹೆಚ್ಚಿದ ಕಫ, ಏದುಸಿರು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.